ಕೇಳಿ ಕುಡಿಯಿರಿ ಕಾಫಿ

ಬೀದರ್ ಜಿಲ್ಲೆಯ ಕಮಲನಗರ ಚಹಾದ ಊರು. ಔರಾದ್‌ನಿಂದ ಬೇರ್ಪಟ್ಟು ಈಗ ಸ್ವತಃ ತಾಲೂಕು ಕೇಂದ್ರವಾಗಿರುವ, ಮಹಾರಾಷ್ಟ್ರದ ಉದಗೀರಿಗೆ ಹತ್ತಿರದ ಈ ಗಡಿ ಊರಿನಲ್ಲಿ ಮನೆಗೆ ಯಾರು ಬಂದರೂ ಒಲೆ ಏರುವುದು ಚಹಾದ ಪಾತ್ರೆಯೇ. ಉರ್ದು, ಮರಾಠಿ, ಕನ್ನಡ ಮೂರೂ ಕೇಳಿಬರುವ ಇಲ್ಲಿ ಕಾಫಿ ಎಂದರೆ ಹಲವರಿಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ಸಣ್ಣ ಪೊಟ್ಟಣ. ಅದನ್ನು ಬಿಸಿ ಹಾಲಿಗೆ ಸುರಿದು, ಸಕ್ಕರೆ ಹಾಕಿ ಕಲಕಿದರೆ ಕಾಫಿ ಮುಗಿಯಿತು.

ಆದರೆ ಸಹೋದರಿಯರೇ, ಈಗ ನಮ್ಮ ಮಕ್ಕಳು ಓದಲಿಕ್ಕೆ, ಕೆಲಸಕ್ಕೆ ಎಂದು ಹೈದರಾಬಾದ್, ಪುಣೆ, ಬೆಂಗಳೂರು ಸೇರಿದ್ದಾರೆ. ಅವರನ್ನು ನೋಡಲು ಹೋದಾಗ ಮಗಳೋ ಸೊಸೆಯೋ ನಿಮ್ಮನ್ನು ಒಂದು ಹೊಸ ಬಗೆಯ ಕಾಫಿ ಅಂಗಡಿಗೆ ಕರೆದೊಯ್ಯುತ್ತಾಳೆ. ಗಾಜಿನ ಬಾಗಿಲು, ಗೋಡೆಯ ಮೇಲೆ ಇಂಗ್ಲಿಷ್ ಹೆಸರುಗಳು, ಎದುರಿಗೆ ಬೆಲೆ. ಒಂದು ಕಪ್ಪಿಗೆ ಇನ್ನೂರು, ಮುನ್ನೂರು ರೂಪಾಯಿ! ಏನು ಕೇಳಬೇಕೆಂದು ತೋಚದೆ "ನೀನೇ ಏನಾದರೂ ಹೇಳಮ್ಮ" ಎಂದು ಮೂಲೆಯ ಕುರ್ಚಿ ಹಿಡಿಯುತ್ತೀರಿ. ಬಂದ ಕಾಫಿ ಹಿಡಿಸುವುದಿಲ್ಲ. ಆದರೂ ದುಡ್ಡು ಕೊಟ್ಟದ್ದಕ್ಕೆ ಕುಡಿದು ಎದ್ದು ಬರುತ್ತೀರಿ.

ಇಲ್ಲಿ ನಷ್ಟವಾದದ್ದು ಹಣ ಮಾತ್ರವಲ್ಲ. "ಇಂಥ ಜಾಗ ನಮ್ಮಂಥವರಿಗಲ್ಲ" ಎಂಬ ಅಳುಕೂ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದು ಕೂರದಿರಲೆಂದೇ ಈ ಬರಹ.

ಈ ಅಂಗಡಿಯಲ್ಲಿ ಬೇರೆ ಏನಿದೆ?

ಮೂಲೆ ಮೂಲೆಯಲ್ಲೂ ಒಂದೇ ಹೆಸರಿನ ಫಲಕ ಹೊತ್ತ ದೊಡ್ಡ ಕಂಪನಿಗಳ ಕಾಫಿ ಮಳಿಗೆಗಳನ್ನು ನೀವು ನೋಡಿರಬಹುದು. ಅವುಗಳ ನಡುವೆ ಒಬ್ಬರೋ ಇಬ್ಬರೋ ಸೇರಿ ನಡೆಸುವ ಸ್ವತಂತ್ರ ಅಂಗಡಿಗಳೂ ಇವೆ. ಇವುಗಳಲ್ಲಿ ಕೆಲವು 'ಸ್ಪೆಷಾಲಿಟಿ ಕಾಫಿ' ಎಂದು ಹೇಳಿಕೊಳ್ಳುತ್ತವೆ. ಇದು ಬರೀ ಅಲಂಕಾರದ ಮಾತಲ್ಲ. ತರಬೇತಿ ಪಡೆದವರು ಕಾಫಿಯ ಪರಿಮಳ, ರುಚಿ, ಶುದ್ಧತೆ ಪರೀಕ್ಷಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದ ಕಾಫಿಯನ್ನು ಸ್ಪೆಷಾಲಿಟಿ ಎಂದು ಕರೆಯುವುದು ವ್ಯಾಪಾರದಲ್ಲಿ ನಡೆದುಬಂದ ರೂಢಿ.

ಇಂಥ ಅಂಗಡಿಯ ಪೊಟ್ಟಣದ ಮೇಲೆ ಸಾಮಾನ್ಯವಾಗಿ ತೋಟದ ಹೆಸರು, ಬೀಜ ಹುರಿದ ದಿನಾಂಕ ಇರುತ್ತವೆ. ತೋಟದ ಹೆಸರು ಹಾಕುವುದು ಮೊದಲಿನಿಂದಲೂ ಇದ್ದ ಪದ್ಧತಿಯಲ್ಲ. 1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಎಲ್ಲರ ಬೆಳೆಯೂ ಒಂದೇ ರಾಶಿಗೆ ಸೇರುತ್ತಿತ್ತು. ಒಳ್ಳೆಯ ಹಣ್ಣನ್ನೇ ಆರಿಸಿ ಕಿತ್ತವನ ಶ್ರಮವೂ ಹಾಗೆಯೇ ಕಿತ್ತವನ ಬೆಳೆಯೂ ಅಲ್ಲಿ ಬೆರೆತುಹೋಗುತ್ತಿದ್ದವು. 1990ರ ದಶಕದಲ್ಲಿ ಈ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದರು. ಸಣ್ಣ ಅಂಗಡಿಯವರು ನೇರವಾಗಿ ತೋಟಕ್ಕೆ ಹೋಗಿ ಕೊಳ್ಳಲು ಸಾಧ್ಯವಾದದ್ದು ಆ ಮೇಲೆಯೇ.

ಹಾಗಾಗಿ ನೀವು ಕೊಡುವ ಹೆಚ್ಚಿನ ಬೆಲೆಯಲ್ಲಿ ಅಂಗಡಿಯ ಬಾಡಿಗೆ, ಯಂತ್ರದ ಖರ್ಚು, ಹುಡುಗರ ಸಂಬಳದ ಜೊತೆಗೆ ಒಂದು ಮಾಹಿತಿಯ ಬೆಲೆಯೂ ಸೇರಿದೆ: ಈ ಕಾಫಿ ಎಲ್ಲಿಯದು, ಯಾವಾಗ ಹುರಿದದ್ದು, ಇದರಲ್ಲಿ ಏನಿದೆ? ಈ ಮಾಹಿತಿ ಕೇಳದೆ ಬಂದರೆ, ಹಣ ಕೊಟ್ಟು ಕೊಂಡ ಸಾಮಾನಿನಲ್ಲಿ ಅರ್ಧವನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ.

ನಮ್ಮ ರಾಜ್ಯದ ಬೀಜ

ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆ. 2019ರಲ್ಲಿ ದೇಶದ ಐದು ಕಾಫಿಗಳಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿತು. ಅವುಗಳಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮೂರೂ ನಮ್ಮವೇ. ಸೂಫಿ ಸಂತ ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬ ಪ್ರತೀತಿ ನಿಮಗೆ ಗೊತ್ತೇ ಇದೆ. ನಗರದ ಅಂಗಡಿಯ ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕಾಣುವ ಎಷ್ಟೋ ಹೆಸರುಗಳು ನಮ್ಮ ರಾಜ್ಯದ ಬೆಟ್ಟ, ಹಳ್ಳಿ, ತೋಟಗಳ ಹೆಸರುಗಳೇ. ಅವನ್ನು ಕಂಡು ನಾವೇಕೆ ಅಳುಕಬೇಕು?

ಸಾಮಾನ್ಯ ದೂರುಗಳು, ಅವುಗಳ ಕಾರಣ

"ಇಷ್ಟು ಚಿಕ್ಕ ಕಪ್ಪಾ?" ಇದು ಮೊದಲ ದೂರು. ಎಸ್‌ಪ್ರೆಸೊ ಎಂದು ಕೇಳಿದರೆ ಬರುವುದು ಸುಮಾರು 30 ಮಿಲಿಲೀಟರ್, ಹಾಲಿಲ್ಲದ ಗಟ್ಟಿ ಡಿಕಾಕ್ಷನ್. ಯಂತ್ರದ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಇಳಿಸಿದ್ದು. ಅದಕ್ಕೆ ಬಿಸಿ ಹಾಲು, ಹಾಲಿನ ನೊರೆ ಸೇರಿದರೆ ಕ್ಯಾಪುಚಿನೊ. ಹಾಲು ಇನ್ನೂ ಹೆಚ್ಚಾದರೆ ಲ್ಯಾಟೆ. ಬಿಸಿನೀರು ಸೇರಿದರೆ ಅಮೆರಿಕಾನೊ. ಹಾಲಿನ ಚಹಾ ಕುಡಿದು ರೂಢಿಯಾದವರಿಗೆ ಲ್ಯಾಟೆಯೇ ಹತ್ತಿರ.

"ಹುಳಿ ಹುಳಿಯಾಗಿದೆ, ಕೆಟ್ಟಿರಬೇಕು." ಇದು ಎರಡನೆಯದು. ಅರೇಬಿಕಾ ಬೀಜವನ್ನು ತಿಳಿಯಾಗಿ ಹುರಿದರೆ ಹಣ್ಣಿನಂಥ ಸಣ್ಣ ಹುಳಿ ಉಳಿಯುತ್ತದೆ. ಈ ಅಂಗಡಿಗಳು ಅದನ್ನೇ ಗುಣವೆಂದು ಕಾಪಾಡುತ್ತವೆ. ನಿಮಗೆ ಬೇಡವಾದರೆ "ಹೆಚ್ಚು ಹುರಿದ ಬೀಜದ್ದು ಕೊಡಿ, ಹುಳಿ ಬೇಡ" ಎನ್ನಿ. ಅಷ್ಟು ಸಾಕು.

"ಸುಡುವಷ್ಟು ಬಿಸಿ ಇಲ್ಲ." ಹಾಲನ್ನು ಅವರು ಸುಮಾರು 60ರಿಂದ 65 ಡಿಗ್ರಿಗೆ ಮಾತ್ರ ಬಿಸಿ ಮಾಡುತ್ತಾರೆ. ಕುದಿಸಿದರೆ ನೊರೆ ಒಡೆದು, ಹಾಲಿನ ಸಹಜ ಸಿಹಿ ಹೋಗಿ, ಬೆಂದ ವಾಸನೆ ಬರುತ್ತದೆ. ಹೆಚ್ಚು ಬಿಸಿ ಬೇಕಿದ್ದರೆ ಮೊದಲೇ ಹೇಳಿ. ಮಾಡಿಕೊಡುತ್ತಾರೆ.

ಇವೆಲ್ಲ ರುಚಿಯ ವ್ಯತ್ಯಾಸಗಳು, ತಪ್ಪುಗಳಲ್ಲ. ಆದರೆ ಕಾಫಿ ತಣ್ಣಗೆ ಬಂದರೆ, ಸೀದ ವಾಸನೆ ಇದ್ದರೆ, ನೀವು ಕೇಳಿದ್ದೊಂದು ತಂದದ್ದೊಂದಾದರೆ ಅದು ಅಂಗಡಿಯ ತಪ್ಪು. ಅರ್ಧ ಕುಡಿದ ಮೇಲೆ ಗೊಣಗುವ ಬದಲು ಮೊದಲ ಗುಟುಕಿಗೇ ಮೆಲ್ಲಗೆ ಹೇಳಿ. ಮಾಲೀಕರೇ ಕೌಂಟರಿನಲ್ಲಿ ನಿಲ್ಲುವ ಸಣ್ಣ ಅಂಗಡಿಯ ಅನುಕೂಲವೇ ಇದು. ನಿಮ್ಮ ಮಾತು ಕೇಳಬೇಕಾದವರಿಗೇ ಕೇಳಿಸುತ್ತದೆ.

ಚಿಕೋರಿಯ ವಿಷಯ

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, "ಚಿಕೋರಿ ಸೇರಿದೆಯೇ?" ಚಿಕೋರಿ ಎಂಬುದು ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಬರುತ್ತದೆ. ಅದು ಹಾನಿಕರ ವಸ್ತುವೇನಲ್ಲ. ಆ ರುಚಿಯನ್ನೇ ಬಯಸುವವರೂ ಬಹಳ. ಆದರೆ ಬೆರೆಸಿದ್ದನ್ನು ಶುದ್ಧ ಕಾಫಿ ಎಂದು ಮಾರಬಾರದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು ಎಂಬುದು ನಮ್ಮ ದೇಶದ ಆಹಾರ ನಿಯಮ. ಇದನ್ನು ನೋಡಲು ನಗರಕ್ಕೆ ಹೋಗಬೇಕಾಗಿಲ್ಲ. ಅಡುಗೆಮನೆಯ ಡಬ್ಬಿ ತೆರೆದು ನೀವು ತಂದ ಪೊಟ್ಟಣದ ಹಿಂಬದಿ ಓದಿ. ಇಷ್ಟು ದಿನ ಕಾಫಿ ಎಂದು ಕುಡಿದದ್ದರಲ್ಲಿ ಕಾಫಿ ಎಷ್ಟಿತ್ತು ಎಂಬುದು ತಿಳಿಯುತ್ತದೆ.

ಕೂರುವ ಜಾಗ

ಕಾಫಿಯ ರುಚಿಗಿಂತ ಹೆಣ್ಣುಮಕ್ಕಳಿಗೆ ದೊಡ್ಡ ಪ್ರಶ್ನೆ ಕೂರುವ ಜಾಗದ್ದು. ಕಾಫಿ ಅಂಗಡಿ ಹುಟ್ಟಿನಿಂದಲೂ ಮಾತಿನ ಜಾಗ. 1511ರಲ್ಲಿ ಮಕ್ಕಾದ ಅಧಿಕಾರಿಯೊಬ್ಬ ಕಾಫಿಯನ್ನೇ ನಿಷೇಧಿಸಿದ್ದ. ಜನ ಅಲ್ಲಿ ಗುಂಪುಗೂಡುತ್ತಾರೆ, ಆಡಬಾರದ್ದನ್ನು ಆಡುತ್ತಾರೆ ಎಂಬ ಭಯವೂ ಅದರ ಹಿಂದಿತ್ತು. ಆ ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ. 1550ರ ದಶಕದಲ್ಲಿ ಇಸ್ತಾಂಬುಲ್‌ನಲ್ಲೂ, ನೂರು ವರ್ಷದ ನಂತರ ಲಂಡನ್‌ನಲ್ಲೂ ಕಾಫಿ ಮನೆಗಳು ತೆರೆದವು. ಆದರೆ ಎಲ್ಲೆಡೆ ಅಲ್ಲಿ ಕೂತು ಮಾತಾಡುತ್ತಿದ್ದವರು ಬಹುಪಾಲು ಗಂಡಸರೇ. ಗಂಡಂದಿರು ಮನೆ ಮರೆತು ಅಲ್ಲೇ ಕೂರುತ್ತಾರೆಂದು ದೂರುವ ಕರಪತ್ರವೊಂದು 1674ರಲ್ಲಿ ಲಂಡನ್‌ನಲ್ಲಿ ಹೆಂಗಸರ ಹೆಸರಿನಲ್ಲಿ ಅಚ್ಚಾಗಿತ್ತು. ನಮ್ಮ ಕಡೆಯ ಹಳೆಯ ಹೋಟೆಲುಗಳಲ್ಲಿ ಮುಂದಿನ ಮೇಜುಗಳು ಗಂಡಸರಿಗೆ, ಹಿಂದೆ ಪರದೆ ಹಾಕಿದ 'ಫ್ಯಾಮಿಲಿ ರೂಮ್' ನಮಗೆ.

ಈಗಿನ ಅಂಗಡಿಗಳಲ್ಲಿ ಆ ಭೇದ ಕಡಿಮೆ. ಬುರ್ಖಾ ತೊಟ್ಟ ತಾಯಿ, ಲ್ಯಾಪ್‌ಟಾಪ್ ಹಿಡಿದ ಹುಡುಗಿ, ಮೊಮ್ಮಗುವಿನೊಂದಿಗೆ ಬಂದ ನಾನಿಮಾ, ಎಲ್ಲರಿಗೂ ಒಂದೇ ಸಾಲಿನ ಕುರ್ಚಿ. ನೀವು ಹಣ ಕೊಟ್ಟ ಗಿರಾಕಿ. ಬೆಳಕಿರುವ ಮೇಜು ಆರಿಸಿಕೊಂಡು ಕೂತುಕೊಳ್ಳಿ. ಕುಡಿಯುವ ನೀರು ಕೇಳಿ. ಶೌಚಾಲಯ ಶುಚಿಯಾಗಿದೆಯೇ ನೋಡಿ. ಹೆಣ್ಣುಮಕ್ಕಳನ್ನು ಅಂಗಡಿಯವರು ಎಷ್ಟು ಗಣನೆಗೆ ತೆಗೆದುಕೊಂಡಿದ್ದಾರೆಂಬುದು ಗೋಡೆಯ ಚಿತ್ರಕ್ಕಿಂತ ಅದರಲ್ಲಿ ತಿಳಿಯುತ್ತದೆ.

ಬಿಲ್ ಬಂದಾಗಲೂ ಓದಿ. ಜಿಎಸ್‌ಟಿ ಸರ್ಕಾರದ ತೆರಿಗೆ, ಕೊಡಲೇಬೇಕು. ಆದರೆ 'ಸರ್ವಿಸ್ ಚಾರ್ಜ್' ಎಂದು ಬರೆದಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೀಗೆಂದು ನಿಯಮ ಮಾಡಿತು. 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದರೂ ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಗಿರಾಕಿಯ ಕರ್ತವ್ಯ

ಹಕ್ಕಿನ ಮಾತಾಯಿತು. ಕಪ್ ತಂದಿಡುವ ಕೈಗೂ ಒಂದು ಗೌರವವಿದೆ. ಇದನ್ನು ಕಲಿಸಿದ ಅಂಗಡಿ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿತು. 2017ರಲ್ಲಿ ಅಲೀನಾ ಆಲಂ ಎಂಬ ಯುವತಿ ಅಲ್ಲಿ ಆರಂಭಿಸಿದ 'ಮಿಟ್ಟಿ ಕೆಫೆ'ಯಲ್ಲಿ ಕಾಫಿ ಮಾಡುವವರೂ ಬಡಿಸುವವರೂ ವಿಕಲಚೇತನರು. ಕಿವಿ ಕೇಳದವರು, ಕಣ್ಣು ಕಾಣದವರು, ಕೈಕಾಲಿನ ತೊಂದರೆ ಇರುವವರು, ಬೌದ್ಧಿಕ ಬೆಳವಣಿಗೆ ನಿಧಾನವಾದವರು. ಅಲ್ಲಿ ಗಿರಾಕಿ ಸನ್ನೆಯಿಂದಲೋ, ಪಟ್ಟಿಯ ಮೇಲೆ ಬೆರಳಿಟ್ಟೋ ಹೇಳುತ್ತಾನೆ. ಎರಡು ನಿಮಿಷ ಹೆಚ್ಚು ಕಾಯುತ್ತಾನೆ. ಹಾಗೆ ಶುರುವಾದ ಕೆಫೆ ಬೆಂಗಳೂರಿಗೆ ಹಬ್ಬಿ, 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅದನ್ನು ಉದ್ಘಾಟಿಸಿದರು. ಗಿರಾಕಿಗೆ ತಾಳ್ಮೆ ಇದ್ದರೆ ಒಬ್ಬರ ಬದುಕೇ ನೆಲೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆದ್ದರಿಂದ ಪ್ರಶ್ನೆ ಕೇಳಿ, ಆದರೆ ಗದರಬೇಡಿ. ಜನ ಕಾಯುತ್ತಿರುವಾಗ ಒಂದು ಕಪ್ ಮುಂದಿಟ್ಟು ಮೂರು ತಾಸು ಮೇಜು ಹಿಡಿಯಬೇಡಿ. ಸಣ್ಣ ಅಂಗಡಿಗೆ ಆ ಮೇಜೇ ಅನ್ನ.

ಆರೋಗ್ಯದ ಎಚ್ಚರಿಕೆ

ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಕುಡಿದರೆ ನಿದ್ದೆ ಬಾರದವರು, ಎದೆ ಹೊಡೆದುಕೊಳ್ಳುವವರು ಯಾವ ಬೀಜವೆಂದು ಕೇಳಿಯೇ ಕುಡಿಯಿರಿ. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಗಟ್ಟಿ ಕಾಫಿಯ ಒಂದು ದೊಡ್ಡ ಕಪ್ಪೇ ಅದರ ಅರ್ಧ ದಾಟಬಹುದು, ಚಹಾದ್ದೂ ಲೆಕ್ಕಕ್ಕೆ ಸೇರುತ್ತದೆ. ಊಟದ ಜೊತೆಗೇ ಕಾಫಿ ಅಥವಾ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತಹೀನತೆ ಇರುವ ಸಹೋದರಿಯರು ಊಟಕ್ಕೂ ಕಾಫಿಗೂ ನಡುವೆ ಒಂದು ತಾಸಾದರೂ ಬಿಡುವುದು ಒಳ್ಳೆಯದು.

ಕಮಲನಗರಕ್ಕೂ ಬರಲಿ

ಇಂಥ ಅಂಗಡಿ ನಮ್ಮ ಸಣ್ಣ ಊರಿನಲ್ಲಿ ನಡೆದೀತೇ ಎಂದು ಕೆಲವು ಹುಡುಗಿಯರು ಕೇಳಬಹುದು. ಲಕ್ಷಗಟ್ಟಲೆ ಬೆಲೆಯ ಯಂತ್ರದಿಂದ ಶುರು ಮಾಡಬೇಕಾಗಿಲ್ಲ. ಒಂದು ಸ್ಟೀಲ್ ಫಿಲ್ಟರ್, ತೋಟದ ಹೆಸರೂ ಹುರಿದ ದಿನಾಂಕವೂ ಇರುವ ಒಂದು ಪೊಟ್ಟಣ ಪುಡಿ, ಕುದಿ ಇಳಿದ ನೀರು. ಮೊದಲು ಮನೆಯವರಿಗೆ, ನೆರೆಯ ಆಪಾಗೆ, ಖಾಲಾಗೆ ಮಾಡಿ ಕೊಡಿ. ಅವರ ದೂರು ಕೇಳಿಕೊಳ್ಳಿ. ಪುಡಿ ತೆರೆದ ಕೆಲವೇ ದಿನಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ತರಿಸಿ.

ನಮ್ಮ ಊರಿನ ಚಹಾ ಹೋಟೆಲಿನವರಿಗೆ ಯಾರಿಗೆ ಸಕ್ಕರೆ ಕಮ್ಮಿ, ಯಾರಿಗೆ ಕಡಕ್ ಬೇಕು ಎಂಬುದು ಬಾಯಿಪಾಠ. ನಗರದ ದುಬಾರಿ ಅಂಗಡಿಗಳು ಕಲಿಯಲು ಹೆಣಗುವ ವಿದ್ಯೆ ಅದು. ಅದಕ್ಕೆ ಹೆಣ್ಣುಮಕ್ಕಳೂ ನೆಮ್ಮದಿಯಿಂದ ಕೂರುವ ನಾಲ್ಕು ಕುರ್ಚಿ ಸೇರಿದರೆ ಒಳ್ಳೆಯ ಕಾಫಿ ಅಂಗಡಿ ಸಿದ್ಧ. ಅಲ್ಲಿಯವರೆಗೆ, ಮಗಳ ಜೊತೆ ನಗರದ ಅಂಗಡಿಗೆ ಹೋದಾಗ ಈ ಮೂರು ಮಾತನ್ನಾದರೂ ನೀವೇ ಕೇಳಿ: ಯಾವ ತೋಟದ್ದು? ಯಾವಾಗ ಹುರಿದದ್ದು? ಏನಾದರೂ ಬೆರೆಸಿದ್ದೀರಾ? ಕನ್ನಡದಲ್ಲಿ ಕೇಳಿ, ಉರ್ದುವಿನಲ್ಲಿ ಕೇಳಿ. ಒಳ್ಳೆಯ ಅಂಗಡಿಯವರು ಸಂತೋಷದಿಂದ ಉತ್ತರಿಸುತ್ತಾರೆ. ಮುಖ ಗಂಟಿಕ್ಕಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.