ಶ್ರುತಿ ಕೆಡಿಸುವುದು ಯಾವ ತಂತಿ?

ಕಛೇರಿಯಲ್ಲಿ ತಂಬೂರಿಯ ಶ್ರುತಿ ಕೂಡಲು ಹತ್ತು ನಿಮಿಷ ಹಿಡಿದರೂ ತಾಳ್ಮೆಯಿಂದ ಕಾಯುವ ರಸಿಕರು, ಅದೇ ಸಂಗೀತವನ್ನು ಮನೆಯಲ್ಲಿ ಕೇಳುವಾಗ ಸ್ಪೀಕರಿನಿಂದ ‘ಗುಂಯ್’ ಎಂಬ ಸದ್ದು ಬಂದರೆ ಒಂದು ಕ್ಷಣವೂ ಸಹಿಸಲಾರರು. ಅದರಲ್ಲಿ ತಪ್ಪೇನೂ ಇಲ್ಲ. ಗಾಯಕರ ಶ್ರುತಿ ಯಾವುದೇ ಇರಲಿ, ಮನೆಯ ವಿದ್ಯುತ್ತಿನ ಶ್ರುತಿ ಮಾತ್ರ ಸೆಕೆಂಡಿಗೆ 50 ಆವರ್ತಗಳಿಗೇ ಹಟ ಹಿಡಿದು ನಿಂತಿರುತ್ತದೆ. ಅದು ಯಾವ ರಾಗಕ್ಕೂ ಒಗ್ಗುವುದಿಲ್ಲ.

ಕ್ಯಾಸೆಟ್ಟು, ಸಿ.ಡಿ.ಗಳ ಕಾಲ ಹಿಂದೆ ಸರಿದು ಸಂಗೀತ ಈಗ ಇಂಟರ್‌ನೆಟ್ಟಿನ ಮೂಲಕ ಮನೆಗೆ ಹರಿದು ಬರುತ್ತಿದೆ. ಅದನ್ನು ರೂಟರಿನಿಂದ ಪಡೆದು ಆಂಪ್ಲಿಫೈಯರಿಗೆ ಒಪ್ಪಿಸುವ ಪುಟ್ಟ ಪೆಟ್ಟಿಗೆಗೆ ಸ್ಟ್ರೀಮರ್ ಎಂದು ಹೆಸರು. ಇದನ್ನು ಕೊಂಡವರ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ರೂಟರಿನಿಂದ ಯಾವ ಕೇಬಲ್ ಎಳೆಯಬೇಕು? ಪೆಟ್ಟಿಗೆಗೆ ಯಾವ ಅಡಾಪ್ಟರ್ ಹಾಕಬೇಕು? ಕೆಲವು ನೂರು ರೂಪಾಯಿಗೆ ಸಿಗುವ ಕೇಬಲ್ಲಿನ ಎದುರಿಗೆ ಹತ್ತಾರು ಸಾವಿರ ರೂಪಾಯಿಯದೂ ಮಾರುಕಟ್ಟೆಯಲ್ಲಿದೆ. ಅದರಿಂದ ನಾದ ಇನ್ನಷ್ಟು ನಿಚ್ಚಳವಾಗುತ್ತದೆ ಎಂಬ ಭರವಸೆಯೂ ಜೊತೆಗಿದೆ. ಈ ಭರವಸೆಗೆ ಬೆಲೆ ತೆರಬೇಕೆ?

ಬರುವುದು ನಾದವಲ್ಲ, ಅಂಕಿ

ರೂಟರಿನಿಂದ ಹೊರಟ ಕೇಬಲ್ಲಿನಲ್ಲಿ ಹರಿಯುವುದು ನಾದವಲ್ಲ, ಬರಿಯ ಅಂಕಿಗಳು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಲೆಕ್ಕವನ್ನೇ ನೋಡಿ. ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್‌ಗಳಾದವು. ‘ಕ್ಯಾಟ್ 5ಇ’ ಎಂಬ ಸಾಮಾನ್ಯ ದರ್ಜೆಯ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 100 ಕೋಟಿ ಬಿಟ್‌ಗಳನ್ನು ಸಾಗಿಸಬಲ್ಲದು. ಅಂದರೆ ಆನೆಯ ಬೆನ್ನಿನ ಮೇಲೆ ಒಂದು ಹೂವಿನ ಬುಟ್ಟಿ ಇಟ್ಟ ಹಾಗೆ.

ಈ ಅಂಕಿಗಳು ಪೊಟ್ಟಣ ಪೊಟ್ಟಣವಾಗಿ ಬರುತ್ತವೆ. ಪ್ರತಿ ಪೊಟ್ಟಣದ ಕೊನೆಯಲ್ಲೂ ತಾಳೆ ನೋಡಲು ಒಂದು ಸಂಖ್ಯೆ ಇರುತ್ತದೆ. ತಾಳೆಯಾಗದ ಪೊಟ್ಟಣವನ್ನು ಯಂತ್ರ ಎಸೆದುಬಿಡುತ್ತದೆ. ಸಂಗೀತ ತರಿಸುವ ಸಾಮಾನ್ಯ ವ್ಯವಸ್ಥೆಯಲ್ಲಿ ಹಾಗೆ ಬಿಟ್ಟುಹೋದದ್ದನ್ನು ಮತ್ತೊಮ್ಮೆ ಕೇಳಿ ತರಿಸಿಕೊಳ್ಳಲಾಗುತ್ತದೆ. ಅಷ್ಟು ಹೊತ್ತಿಗೆ ಬೇಕಾಗುವ ಸಂಗೀತ ಸ್ಟ್ರೀಮರಿನ ಸ್ಮೃತಿಯಲ್ಲಿ ಮೊದಲೇ ಶೇಖರವಾಗಿರುತ್ತದೆ. ಲಗ್ನಪತ್ರಿಕೆ ಸೈಕಲ್ಲಿನಲ್ಲಿ ಬಂದರೂ ಕಾರಿನಲ್ಲಿ ಬಂದರೂ ಮುಹೂರ್ತ ಬದಲಾಗುವುದಿಲ್ಲ, ಇದೂ ಹಾಗೆಯೇ. ಕೇಬಲ್ ಕೆಟ್ಟರೆ ಸಂಗೀತ ತಡವರಿಸುತ್ತದೆ ಅಥವಾ ನಿಂತೇಹೋಗುತ್ತದೆ. ವೀಣೆಯ ಗಮಕ ಮಂಕಾಗುವುದಿಲ್ಲ.

2008ರಲ್ಲಿ ಡೆನಾನ್ ಕಂಪನಿಯ ಒಂದೂವರೆ ಮೀಟರ್ ಉದ್ದದ ಇಂಥದೇ ಕೇಬಲ್ಲೊಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅದರ ಬೆಲೆ 499 ಡಾಲರ್. ಸಂಕೇತ ಯಾವ ಕಡೆಗೆ ಹರಿಯಬೇಕೆಂದು ತೋರಿಸುವ ಬಾಣದ ಗುರುತುಗಳೂ ಅದರ ಮೇಲಿದ್ದವು. ಬಾಣವನ್ನು ನೋಡಿ ದಾರಿ ಹಿಡಿಯುವ ವಿದ್ಯುತ್ತನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅದು ನಗೆಪಾಟಲಾಯಿತು.

ಕೇಬಲ್ ಆರಿಸುವ ಬಗೆ

ಹಾಗೆಂದು ಯಾವ ಕೇಬಲ್ಲಾದರೂ ಆದೀತೆಂದಲ್ಲ. ಇದರೊಳಗೆ ಎಂಟು ತಂತಿಗಳು ಎರಡೆರಡಾಗಿ ಹೊಸೆದುಕೊಂಡಿರುತ್ತವೆ. ಹೊಸೆದ ಜೋಡಿಯ ಎರಡು ತಂತಿಗಳ ಮೇಲೂ ಹೊರಗಿನ ಗದ್ದಲ ಒಂದೇ ಸಮನಾಗಿ ಬೀಳುವುದರಿಂದ, ಸಂಕೇತ ಓದುವಾಗ ಅದು ತನ್ನಷ್ಟಕ್ಕೇ ಕಳೆದುಹೋಗುತ್ತದೆ. ಟೆಲಿಫೋನಿನ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ಮನೆಗೆ ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಧಾರಾಳವಾಗಿ ಸಾಕು. ತಂತಿ ಅಪ್ಪಟ ತಾಮ್ರದ್ದೇ ಎಂಬುದನ್ನು ಮಾತ್ರ ವಿಚಾರಿಸಿ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಅಂಗಡಿಯವರು ಅದನ್ನು ‘ಸಿಸಿಎ’ ಎನ್ನುತ್ತಾರೆ. ತಂತಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಇದು ಬೇಗ ಮುರಿಯುತ್ತದೆ, ವಿದ್ಯುತ್ತಿಗೆ ತಡೆಯೂ ಹೆಚ್ಚು.

ಲೋಹದ ಕವಚವಿರುವ ಕೇಬಲ್ ಹೆಚ್ಚು ಒಳ್ಳೆಯದಿರಬಹುದೆಂದು ಅನೇಕರು ಭಾವಿಸುತ್ತಾರೆ. ಸಂಗೀತದ ಮಟ್ಟಿಗೆ ಇದು ಕೆಲವೊಮ್ಮೆ ತಿರುಗುಬಾಣವಾಗುತ್ತದೆ. ಈಥರ್‌ನೆಟ್ ಸಾಕೆಟ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು, 1,500 ವೋಲ್ಟ್ ಒತ್ತಡವನ್ನು ಒಂದು ನಿಮಿಷ ತಡೆಯುವಂತೆ ಎರಡು ಯಂತ್ರಗಳನ್ನೂ ಬೇರ್ಪಡಿಸಿರುತ್ತವೆ. ಲೋಹದ ಕವಚ ಮತ್ತು ಲೋಹದ ಪ್ಲಗ್ಗುಗಳು ಈ ಬೇಲಿಯನ್ನು ದಾಟಿ ರೂಟರಿನ ಮೈಯನ್ನೂ ಸ್ಟ್ರೀಮರಿನ ಮೈಯನ್ನೂ ಒಂದಾಗಿಸಬಲ್ಲವು. ಆಗ ಗುಂಯ್‌ಗುಡುವಿಕೆಗೆ ಹೊಸ ದಾರಿಯೊಂದು ತೆರೆದಂತೆ. ಮನೆಯೊಳಗೆ ಕವಚವಿಲ್ಲದ ಸಾದಾ ಕೇಬಲ್ಲೇ ಲೇಸು.

ಗುಂಯ್‌ಗುಡುವುದೇಕೆ?

ಕೇಬಲ್ಲಿನ ಮೇಲೆ ಹೊರಿಸುವ ಬಹಳಷ್ಟು ಅಪವಾದ ವಾಸ್ತವವಾಗಿ ವಿದ್ಯುತ್ತಿನದು. ಅಂಕಿಗಳು ಒಮ್ಮೆ ನಾದವಾಗಿ ಪರಿವರ್ತನೆಯಾದ ಮೇಲೆ ಅದನ್ನು ತಾಳೆ ನೋಡುವವರಿಲ್ಲ. ಅಲ್ಲಿಂದ ಮುಂದೆ ಸೇರಿದ ಕಸವೆಲ್ಲ ಕಿವಿಗೆ ಬರುತ್ತದೆ.

ಇಂದಿನ ಹಗುರವಾದ ಅಡಾಪ್ಟರುಗಳು 230 ವೋಲ್ಟ್ ವಿದ್ಯುತ್ತನ್ನು ಅತಿ ವೇಗವಾಗಿ ಕತ್ತರಿಸಿ ಇಳಿಸುತ್ತವೆ. ಎರಡು ಪಿನ್ನಿನ ಅಡಾಪ್ಟರುಗಳಿಂದ ಅತ್ಯಲ್ಪ ವಿದ್ಯುತ್ತು ಆಚೆಗೆ ಸೋರುವುದೂ ಉಂಟು. ಲೋಹದ ಪೆಟ್ಟಿಗೆಯನ್ನು ಸವರಿದಾಗ ಬೆರಳು ‘ಜುಮ್’ ಎನ್ನುವುದು ಸಾಮಾನ್ಯವಾಗಿ ಇದರಿಂದಲೇ. ಇದಕ್ಕೆ ಪರ್ಯಾಯವಾಗಿ ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ ‘ಲೀನಿಯರ್’ ಪವರ್ ಸಪ್ಲೈಗಳನ್ನು ಮಾರುತ್ತಾರೆ. ಅವುಗಳಲ್ಲಿ ಕತ್ತರಿಸುವ ಗದ್ದಲವಿಲ್ಲ ನಿಜ. ಆದರೆ ಟ್ರಾನ್ಸ್‌ಫಾರ್ಮರಿನ ಸುತ್ತ 50 ಆವರ್ತದ ಕಾಂತಕ್ಷೇತ್ರವಿರುತ್ತದೆ, ಸೋಸುವುದು ಸಾಲದಿದ್ದರೆ 100 ಆವರ್ತದ ಏರಿಳಿತವೂ ಉಳಿಯುತ್ತದೆ. ಚೆನ್ನಾಗಿ ತಯಾರಾದ ಸ್ಟ್ರೀಮರ್ ಒಳಗೇ ಮತ್ತೊಮ್ಮೆ ವಿದ್ಯುತ್ತನ್ನು ಹದಗೊಳಿಸಿಕೊಳ್ಳುವುದರಿಂದ, ಗುಂಯ್‌ಗುಡದ ಮನೆಯಲ್ಲಿ ಇದಕ್ಕಾಗಿ ಹಣ ಸುರಿಯಬೇಕಾಗಿಲ್ಲ.

ಅಡಾಪ್ಟರ್ ಕೊಳ್ಳುವಾಗ ನೋಡಬೇಕಾದ್ದು ಬೇರೆ. ಪೆಟ್ಟಿಗೆ 5 ವೋಲ್ಟ್ ಕೇಳಿದರೆ 5 ವೋಲ್ಟನ್ನೇ ಕೊಡಬೇಕು. 12 ಕೊಟ್ಟರೆ ಸುಟ್ಟುಹೋದೀತು. ಆಂಪಿಯರ್ ಮಾತ್ರ ಕೇಳಿದಷ್ಟೇ ಇರಲಿ ಅಥವಾ ಹೆಚ್ಚಿರಲಿ. ಪ್ಲಗ್ಗಿನ ನಡುವಿನ ತುದಿ ಧನವೋ ಋಣವೋ ಎಂಬುದು ಹೊಂದಬೇಕು. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೊಂದಿಗೆ ಬಿಐಎಸ್ ಗುರುತು ಇರಲೇಬೇಕು.

ಇನ್ನು ಕರೆಂಟು ಹೋದಾಗ ಮಾತ್ರ ಗುಂಯ್‌ಗುಟ್ಟುವ ಮನೆಗಳಿವೆ. ಅಲ್ಲಿ ಬಹುಪಾಲು ತಪ್ಪು ‘ಸ್ಕ್ವೇರ್ ವೇವ್’ ಇನ್ವರ್ಟರಿನದು. ಆಗ ಫ್ಯಾನೂ ಅದೇ ರಾಗ ಹಾಡುತ್ತಿರುತ್ತದೆ. ‘ಸೈನ್ ವೇವ್’ ಇನ್ವರ್ಟರಿನಲ್ಲಿ ಈ ತೊಂದರೆ ಕಡಿಮೆ.

ಪಿನ್ ಕೀಳಬೇಡಿ

ಗುಂಯ್‌ಗುಡುವಿಕೆಗೆ ದೊಡ್ಡ ಕಾರಣ ಅರ್ತಿಂಗ್. ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಟ್ರೀಮರಿಗೆ ಜೋಡಿಸಿದ ಕಂಪ್ಯೂಟರ್ ಇನ್ನೊಂದು ಗೋಡೆಯ ಸಾಕೆಟ್ಟಿನಲ್ಲಿ ಇದ್ದರೆ, ಎರಡರ ಅರ್ತಿಂಗ್ ನಡುವಿನ ಅಲ್ಪ ವ್ಯತ್ಯಾಸ ಆಡಿಯೊ ತಂತಿಯಲ್ಲೇ ಹರಿಯತೊಡಗುತ್ತದೆ. ಟಿ.ವಿ.ಯ ಕೇಬಲ್ ತಂತಿಯೂ ಹೀಗೆ ಹೊರಗಿನ ಅರ್ತಿಂಗ್ ಹೊತ್ತು ತರುವುದುಂಟು. ಅದನ್ನು ಕಳಚಿದೊಡನೆ ಸದ್ದು ನಿಂತರೆ ಕಳ್ಳ ಸಿಕ್ಕಿದಂತೆ.

ಈ ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನೇ ಕಿತ್ತು ಹಾಕುವವರಿದ್ದಾರೆ. ಸದ್ದು ನಿಲ್ಲುತ್ತದೆ; ಜೊತೆಗೆ ಪ್ರಾಣರಕ್ಷಣೆಯೂ ಹೋಗುತ್ತದೆ. ಮುಂದೊಂದು ದಿನ ಒಳಗಿನ ತಂತಿ ಪೆಟ್ಟಿಗೆಯ ಮೈಗೆ ತಾಗಿದರೆ, ಧೂಳು ಒರೆಸಲು ಬಂದ ಕೈಗೆ 230 ವೋಲ್ಟ್ ಸಿಗುತ್ತದೆ. ಎಲ್ಲ ಯಂತ್ರಗಳನ್ನೂ ಒಂದೇ ಸ್ವಿಚ್ ಬೋರ್ಡಿಗೆ ಸೇರಿಸುವುದು ಸರಿಯಾದ ದಾರಿ. ಅದಕ್ಕೂ ಬಗ್ಗದಿದ್ದರೆ, ಸೌಲಭ್ಯವಿರುವ ಯಂತ್ರಗಳ ನಡುವೆ ಆಪ್ಟಿಕಲ್ ಕೇಬಲ್ ಹಾಕಬಹುದು. ಬೆಳಕಿನಲ್ಲಿ ಸಂಗೀತ ದಾಟುತ್ತದೆ, ವಿದ್ಯುತ್ತು ದಾಟುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಹಳೆಯ ಬಗೆಯ ಅರ್ತಿಂಗ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನು ಮರೆಯಬಾರದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಮನೆಯಲ್ಲಿದ್ದರೆ ಇನ್ನೂ ಕ್ಷೇಮ. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಸೂಚನೆ ಕಂಡಾಗಲೇ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲ್ಲನ್ನೂ ಕಳಚಿಡುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ.

ಕಿವಿಗೊಂದು ಪರೀಕ್ಷೆ

ಇಷ್ಟಾದರೂ ದುಬಾರಿ ಕೇಬಲ್ಲಿನ ಮೇಲೆ ಮನಸ್ಸಿದ್ದರೆ ಮನೆಯವರ ನೆರವು ಪಡೆಯಿರಿ. ಕೇಳುವವರಿಗೆ ಕಾಣದಂತೆ, ನಾಣ್ಯ ಚಿಮ್ಮಿ ಬಂದ ಪ್ರಕಾರ ಅಗ್ಗದ್ದನ್ನೋ ದುಬಾರಿಯದನ್ನೋ ಅವರು ಜೋಡಿಸಲಿ. ಒಂದೇ ಹಾಡನ್ನು ಒಂದೇ ಮಟ್ಟದಲ್ಲಿ ಹತ್ತು ಬಾರಿ ಕೇಳಿ ಯಾವುದೆಂದು ಬರೆದಿಡಿ. ಕುರುಡು ಅದೃಷ್ಟದಿಂದಲೇ ಐದು ಸರಿಯಾಗಬಹುದು. ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ ನೂರಕ್ಕೆ ಸುಮಾರು ಒಂದು ಮಾತ್ರ. ಅಷ್ಟು ಅಂಕ ಗಳಿಸಿದವರು ಧಾರಾಳವಾಗಿ ಕೊಳ್ಳಬಹುದು.

ಸಂಗೀತ ನಿಂತು ನಿಂತು ಬಂದರೆ ಕೇಬಲ್, ವೈ-ಫೈ ಅಥವಾ ಇಂಟರ್‌ನೆಟ್ ನೋಡಿ. ಗುಂಯ್‌ಗುಟ್ಟಿದರೆ ವಿದ್ಯುತ್ತು ನೋಡಿ. ದನಿ ಮಂಕಾಗಿದ್ದರೆ ಸ್ಪೀಕರನ್ನೂ ಅದನ್ನಿಟ್ಟ ಕೋಣೆಯನ್ನೂ ನೋಡಿ. ಕೇಬಲ್ಲಿನಲ್ಲಿ ಉಳಿಸಿದ ದುಡ್ಡಿನಲ್ಲಿ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ತಿಂಗ್ ಪರೀಕ್ಷಿಸಿಕೊಳ್ಳುವುದು ಜಾಣತನ. ಅದರ ಫಲ ಸಂಗೀತ ಕೇಳದವರಿಗೂ ಸಿಗುತ್ತದೆ.