ನಿಧಿ ಕಾಯುವ ಘಟಸರ್ಪ

ಇಂಗ್ಲೆಂಡಿನ ಸಾಹಿತಿ ಟಾಲ್ಕಿನ್ ಅವರು ತಮ್ಮ 'ದಿ ಹಾಬಿಟ್' ಕಾದಂಬರಿಗಾಗಿ 1937ರಲ್ಲಿ ಸ್ವತಃ ರಚಿಸಿದ ಬಣ್ಣದ ಚಿತ್ರವೊಂದಿದೆ. ಬೆಟ್ಟದೊಳಗಿನ ಗುಹೆ, ರಾಶಿ ರಾಶಿ ಬಂಗಾರ, ಅದರ ಮೇಲೆ ರೆಕ್ಕೆಗಳುಳ್ಳ ಘಟಸರ್ಪ. ಮೂಲೆಯಲ್ಲಿ, ಹೊಗೆಯ ಮರೆಯಲ್ಲಿ ಬಾಗಿ ನಿಂತ ಕುಳ್ಳ ಕಥಾನಾಯಕ. ನೋಡಿದೊಡನೆ, ಕೊಪ್ಪರಿಗೆ ಹೊನ್ನಿನ ಮೇಲೆ ಹೆಡೆಯೆತ್ತಿ ಕುಳಿತ ಅಜ್ಜಿಕಥೆಯ ಸರ್ಪ ನಮಗೆ ನೆನಪಾಗದಿರದು.

ಆದರೆ ಚಿತ್ರದಲ್ಲಿ ಕಾವಲು ಒಂದಲ್ಲ, ಎರಡು. ಅಲ್ಲಿರುವ ದೊಡ್ಡ ಭರಣಿಯ ಮೇಲೆ ಟಾಲ್ಕಿನ್ ತಾವೇ ಕಲ್ಪಿಸಿದ ಲಿಪಿಯಲ್ಲಿ ಕಳ್ಳನಿಗೆ ಶಾಪ ಬರೆದಿದ್ದಾರೆ. ಸರ್ಪವು ಪರರ ಸೊತ್ತನ್ನು ಕಸಿದು ಕುಳಿತದ್ದು. ಅಕ್ಷರವಾದರೋ ನಿಜವಾದ ಒಡೆಯನ ಪರವಾಗಿ ಕಾಯುತ್ತಿದೆ.

ಅಕ್ಷರವನ್ನು ಕಾವಲಿಗಿಡುವುದು ಕನ್ನಡಿಗರಿಗೆ ಹೊಸತಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ಆಚೆಗೆ ಮುರುಮ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯಿದೆ. ನಮ್ಮಂತೆಯೇ 1956ರಲ್ಲಿ ಗಡಿಯಾಚೆ ಉಳಿದ ಕನ್ನಡ ಮನೆಗಳು ಅಲ್ಲಿವೆ. ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಮರಾಠವಾಡದಲ್ಲಿ ಅನೇಕ. ದೇವರ ದೀಪಕ್ಕೆ, ಅನ್ನದಾನಕ್ಕೆ ಬಿಟ್ಟ ಭೂಮಿಯ ವಿವರ ಇಂಥ ಶಾಸನಗಳಲ್ಲಿರುತ್ತದೆ. ಆ ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಗಲಲೆಂಬ ಶಾಪ ಕೊನೆಗೆ.

ಓದಲು ಬಾರದವರ ಕಣ್ಣಿಗೆ ಇದೇ ಶಾಸನ ನಿಧಿಯ ಗುರುತಾಗಿಬಿಡುತ್ತದೆ. ಮೇಲ್ಗಡೆಯ ಸೂರ್ಯಚಂದ್ರರು ದಾನವು ಶಾಶ್ವತವಾಗಿರಲೆಂಬ ಹಾರೈಕೆ. ಆಸೆಬುರುಕನಿಗೆ ಅದು ಅಗೆಯಬೇಕಾದ ಜಾಗದ ಸಂಕೇತ! ಆಸೆಗೆ ಅಕ್ಷರವೂ ಬೇಕಿಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದು ಹಾಕಿದರು. ಯತಿಯ ಸಮಾಧಿಯಲ್ಲಿ ಹೊನ್ನು ಎಲ್ಲಿಂದ ಬರಬೇಕು? ಭಕ್ತರು ಒಡನೆಯೇ ಅದನ್ನು ಪುನಃ ಕಟ್ಟಿದರು. ಆದರೆ ಒಡೆದ ಶಾಸನವನ್ನು ಹಾಗೆ ಕಟ್ಟಲಾದೀತೇ?

ನೆಲದಲ್ಲಿ ನಿಜವಾಗಿಯೂ ನಿಧಿ ಸಿಕ್ಕಿದರೆ, ಅದರ ಬೆಲೆ ಹತ್ತು ರೂಪಾಯಿ ಮೀರಿದ್ದಲ್ಲಿ, ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ಹೇಳುತ್ತದೆ. ಶಾಪದ ಭಯ ಹೋಯಿತು, ಕಾಯಿದೆಯ ಭಯ ಸಾಲದು. ಇನ್ನುಳಿದ ಕಾವಲು ಓದಬಲ್ಲವರದು. ಮುರುಮದಲ್ಲಾಗಲಿ ನಮ್ಮ ಕಾಸರಗೋಡಿನಲ್ಲಾಗಲಿ, ಮನೆಯ ಮಗುವಿಗೆ ಕನ್ನಡ ಅಕ್ಷರ ಕಲಿಸಿದರೆ, ನಾಳೆ ತೋಟದ ಬದಿಯ ಕಲ್ಲನ್ನು ಕಂಡು "ಅಜ್ಜಾ, ಇದು ಬರಹ, ಒಡೆಯಬೇಡಿ" ಎನ್ನಲು ಒಬ್ಬರಾದರೂ ಇರುತ್ತಾರೆ.