ಎರಡರಿಂದ ಆರರವರೆಗೆ

ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ನಡವಳಿಕೆ. ನಾನೂ ಅದನ್ನು ತಪ್ಪದೆ ಪಾಲಿಸುತ್ತಿದ್ದೆ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಪತ್ನಿಗೆ ಕ್ಯಾನ್ಸರ್ ರೋಗವು ಯಕೃತ್ತಿಗೂ ಹರಡಿದೆಯೆಂದು, ಇನ್ನು ಗುಣವಾಗುವ ಆಸೆಯಿಲ್ಲವೆಂದು ವೈದ್ಯರು ತಿಳಿಸಿದ ಮೇಲೆ, ವಾರಕ್ಕೊಮ್ಮೆ ಅರ್ಧ ಡಜನ್ ಸೇಬುಹಣ್ಣು ಹಿಡಿದುಕೊಂಡು ಅವರಲ್ಲಿಗೆ ಹೋಗುತ್ತಿದ್ದೆ. ಹದಿನೈದು ನಿಮಿಷ ಕೂಡುತ್ತಿದ್ದೆ. “ಈಗ ಹ್ಯಾಂಗ ಅದಾರ್ರಿ ಸರ?” ಎಂದು ಕೇಳುತ್ತಿದ್ದೆ. ಅವರು ಎದ್ದು ಹೋಗಿ ಚಹಾ ಮಾಡಿ ತರುತ್ತಿದ್ದರು. ಅದನ್ನು ಕುಡಿದು, “ಏನರ ಬೇಕಾದ್ರ ಸಂಕೋಚ ಮಾಡಬ್ಯಾಡ್ರಿ” ಎಂದು ಹೇಳಿ ಹೊರಡುತ್ತಿದ್ದೆ.

ಹೀಗೆ ಆರೇಳು ಸಲ ಆಗಿರಬೇಕು. ಒಂದು ಸಂಜೆ ನೀರು ಕುಡಿಯಲೆಂದು ಅಡುಗೆಮನೆಯೊಳಗೆ ಕಾಲಿಟ್ಟಾಗ, ಮೂಲೆಯ ಬುಟ್ಟಿಯಲ್ಲಿ ಸೇಬುಗಳು ಕೊಳೆಯುತ್ತಿದ್ದುವು. ಮೋರಿಯಲ್ಲಿ ತೊಳೆಯದ ಏಳು ಕಪ್ಪು, ಏಳು ಬಸಿ. ಆ ದಿನ ‘ನೋಡಿಕೊಂಡು ಹೋಗಲು’ ಬಂದವರು ನನ್ನನ್ನೂ ಸೇರಿಸಿ ಏಳು ಮಂದಿ. ನಾವೆಲ್ಲರೂ ಕೂಡಿ ಆ ಮನುಷ್ಯನಿಗೆ ಮಾಡಿದ ಉಪಕಾರವೆಂದರೆ ಹದಿನಾಲ್ಕು ಪಾತ್ರೆ ತೊಳೆಯುವ ಕೆಲಸ.

ಅವರು ನಾಲ್ಕು ತಿಂಗಳಿಂದ ಒಂದು ರಾತ್ರಿಯೂ ಪೂರ್ಣವಾಗಿ ನಿದ್ರಿಸಿರಲಿಲ್ಲ. ಮಗನು ಪುಣೆಯಲ್ಲಿ ನೌಕರಿಯಲ್ಲಿದ್ದು ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದನು. ಮಗಳು ಬಾಣಂತಿ. ಪತ್ನಿಯ ಸ್ನಾನ, ಗಂಜಿ, ಔಷಧ, ಬಟ್ಟೆ, ಎಲ್ಲವೂ ಇವರ ಪಾಲಿಗೆ. ಐವತ್ತೈದು ದಾಟಿದ, ಅದುವರೆಗೆ ಅಕ್ಕಿ ತೊಳೆದು ಅರಿಯದ ಗಂಡಸು! ಹೊರಗೆ ಹೋಗಿ ಬನ್ನಿರೆಂದು ಯಾರಾದರೂ ಹೇಳಿದರೆ ಅವರ ಮುಖವು ಕಪ್ಪಿಡುತ್ತಿತ್ತು. ತಾವು ಹೊರಗಿದ್ದಾಗಲೇ ಏನಾದರೂ ಆಗಿಬಿಟ್ಟರೆ? ಜನರು ಏನೆಂದಾರು?

ಕನ್ನಡ ಪಾಠ ಹೇಳುವವನಾದ್ದರಿಂದ ನನಗೊಂದು ಸಂದೇಹ ಬರುವುದುಂಟು. ಈ ಅಪರಾಧಭಾವವನ್ನು ನಮ್ಮ ತಲೆಗೆ ತುಂಬಿದ್ದು ನಮ್ಮ ಕಥೆಗಳೇ ಇರಬಹುದೇ? ಸತ್ಯವಂತನ ಸಾವಿನ ದಿನ ಹತ್ತಿರವಾದಾಗ ಸಾವಿತ್ರಿಯು ಮೂರು ರಾತ್ರಿ ಅನ್ನನೀರಿಲ್ಲದೆ ನಿಂತೇ ವ್ರತ ಮಾಡಿದಳೆಂದು ಮಹಾಭಾರತವು ಹೇಳುತ್ತದೆ. ಅಂದಿನಿಂದ ಇಂದಿನವರೆಗೂ ಶುಶ್ರೂಷೆ ಮಾಡುವವರ ನಿದ್ದೆಗೇಡಿತನವೇ ನಮಗೆ ಪ್ರೀತಿಯ ಅಳತೆಗೋಲಾಗಿದೆ. ಸಾವಿತ್ರಿಯದು ಮೂರು ರಾತ್ರಿ. ನನ್ನ ಮಿತ್ರರದು ನೂರಿಪ್ಪತ್ತು ರಾತ್ರಿ. ಅವರ ಮುಂದೆ ವಾದ ಮಾಡಿ ವರ ಪಡೆಯಲು ಯಮನೂ ಬಂದು ನಿಂತಿರಲಿಲ್ಲ.

ಗುಣವಾಗದ ರೋಗಿಗಳ ಕೊನೆಯ ದಿನಗಳನ್ನು ನೋವಿಲ್ಲದಂತೆ, ಗೌರವದಿಂದ ಕಳೆಯಿಸುವ ಆಶ್ರಯಕ್ಕೆ ಇಂಗ್ಲಿಷಿನಲ್ಲಿ ‘ಹಾಸ್ಪೈಸ್’ ಎನ್ನುತ್ತಾರೆ. ಅದರ ಮೂಲ ಲ್ಯಾಟಿನ್ ಭಾಷೆಯ ‘ಹಾಸ್ಪೆಸ್’. ಆ ಪದಕ್ಕೆ ಅತಿಥಿಯೆಂದೂ ಅರ್ಥ, ಆತಿಥ್ಯ ನೀಡುವವನೆಂದೂ ಅರ್ಥ. ಇಬ್ಬರನ್ನೂ ಒಂದೇ ಮಾತಿನಲ್ಲಿ ಕೂಡಿಸಿದ್ದು ಎಷ್ಟು ಸಮಂಜಸ! ಮಧ್ಯಯುಗದ ಯುರೋಪಿನಲ್ಲಿ ಯಾತ್ರಿಕರ ಛತ್ರಗಳಿಗೆ ಹಾಸ್ಪೈಸ್ ಎಂಬ ಹೆಸರಿತ್ತು. ಈಗಿನ ಅರ್ಥದ ಹಾಸ್ಪೈಸಿಗೆ ದಾರಿ ತೋರಿದವರು ದಾದಿಯಾಗಿದ್ದು, ಸಮಾಜಸೇವಕಿಯಾಗಿ, ಬಳಿಕ ವೈದ್ಯೆಯಾದ ಸಿಸಿಲಿ ಸಾಂಡರ್ಸ್. ೧೯೬೭ರಲ್ಲಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದರು. ನೋವೆಂಬುದು ದೇಹಕ್ಕೆ ಮಾತ್ರ ಸೇರಿದ್ದಲ್ಲ, ಮನಸ್ಸಿಗೂ ಸಂಸಾರಕ್ಕೂ ಸೇರಿದ್ದೆಂಬುದು ಅವರ ಮತ. ಭಾರತದಲ್ಲಿ ೧೯೮೬ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನವು ಮೊದಲಾಯಿತು. ಬೆಂಗಳೂರಿನಲ್ಲಿ ೧೯೯೪ರಲ್ಲಿ ಸ್ಥಾಪಿತವಾದ ಟ್ರಸ್ಟೊಂದರಿಂದ ‘ಕರುಣಾಶ್ರಯ’ವು ರೂಪುಗೊಂಡಿತು, ಅಲ್ಲಿ ಕ್ಯಾನ್ಸರ್ ರೋಗಿಗಳಿಂದ ಹಣ ಪಡೆಯದೆ ಆರೈಕೆ ಮಾಡುತ್ತಾರೆ. ಆದರೆ ಬೆಳಗಾವಿಯಿಂದ ಬೆಂಗಳೂರು ಸುಮಾರು ೫೦೦ ಕಿಲೋಮೀಟರು. ಹಾಸಿಗೆಯಿಂದ ಏಳಲಾರದವರನ್ನು ಅಷ್ಟು ದೂರ ಒಯ್ಯುವುದು ಎಲ್ಲರಿಗೂ ಆಗುವ ಮಾತಲ್ಲ. ಆಗ ಮನೆಯ ನಡುಕೋಣೆಯೇ ಹಾಸ್ಪೈಸ್, ಗಂಡನೇ ದಾದಿ.

ದಾದಿಗಾದರೂ ಪಾಳಿ ಮುಗಿಯುತ್ತದೆ! ಅಮೆರಿಕದ ಮೆಡಿಕೇರ್ ವಿಮೆಯಲ್ಲಿ ಇದಕ್ಕೊಂದು ಏರ್ಪಾಡಿದೆ. ಹಾಸ್ಪೈಸ್ ಆರೈಕೆಗೆ ಸೇರಿದ ರೋಗಿಯನ್ನು, ಮನೆಯವರಿಗೆ ವಿಶ್ರಾಂತಿ ಬೇಕೆಂಬ ಒಂದೇ ಕಾರಣಕ್ಕಾಗಿ, ಒಂದು ಸಲಕ್ಕೆ ೫ ದಿನಗಳವರೆಗೆ ಬೇರೆಡೆ ಇರಿಸಿಕೊಂಡು ನೋಡಿಕೊಳ್ಳುತ್ತಾರೆ. ನಮ್ಮ ನೆರೆಯ ಕೇರಳದಲ್ಲಿ ೧೯೯೩ರಲ್ಲಿ ಕಲ್ಲಿಕೋಟೆಯಿಂದ ಆರಂಭವಾದ ಕಾರ್ಯವು ಮುಂದೆ ಮಲಪ್ಪುರಂ ಸೀಮೆಯಲ್ಲಿ ಓಣಿಯವರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವಷ್ಟು ಬೆಳೆಯಿತು. ಇನ್ನೊಂದು ಸಂಗತಿಯನ್ನು ಓದಿದಾಗ ನನಗೆ ಆ ಏಳು ಕಪ್ಪುಗಳು ನೆನಪಾದುವು. ೧೯೮೦ರಲ್ಲಿ ಸ್ಟೀವನ್ ಝಾರಿಟ್ ಮತ್ತು ಅವರ ಸಂಗಡಿಗರು, ಮರೆವಿನ ರೋಗಕ್ಕೊಳಗಾದ ೨೯ ಮಂದಿ ವೃದ್ಧರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ವಿಚಾರಿಸಿದರು. ರೋಗಿಯ ಉಪದ್ರವ ಹೆಚ್ಚಿದಂತೆ ನೋಡಿಕೊಳ್ಳುವವರ ಭಾರವೂ ಹೆಚ್ಚುವುದೆಂದಲ್ಲವೇ ನಾವು ತಿಳಿಯುವುದು? ಹಾಗೆ ಕಂಡುಬರಲಿಲ್ಲ. ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು ರೋಗಿಯ ಬಳಿಗೆ ಎಷ್ಟು ಸಲ ಬಂದುಹೋಗುತ್ತಾರೆ ಎಂಬುದರೊಂದಿಗೆ ಆ ಭಾರಕ್ಕೆ ಸಂಬಂಧವಿತ್ತು. ಬರುವವರು ಹೆಚ್ಚಿದ್ದಲ್ಲಿ ಭಾರವು ಹಗುರ. ಬಂದವರು ಚಹಾ ಕುಡಿದು ಹೋದರೋ, ಚಹಾ ಮಾಡಿ ಕೊಟ್ಟರೋ ಎಂಬುದನ್ನು ಅವರು ಕೇಳಿದರೋ ಇಲ್ಲವೋ!

ನಮ್ಮ ಮಿತ್ರರ ಮನೆಯಲ್ಲಿ ದಾರಿ ತೋರಿದವರು ಪಕ್ಕದ ಮನೆಯ ಮಾವಶಿ. ಮರಾಠಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಅವರ ಕನ್ನಡದಲ್ಲಿ ಅರ್ಧ ಮರಾಠಿ. ಏನು ಬೇಕೆಂದು ಅವರು ಕೇಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಂದು, ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಹರಳು ಆರಿಸತೊಡಗಿದರು. “ನೀವು ಹೋಗಿ ಬರ್ರಿ ಸರ. ಆರರ ತನಕ ಈ ಮನಿ ನನ್ನದು” ಎಂದರು.

ಎರಡು ಗಂಟೆಯೇ ಏಕೆಂದರೆ, ಅದು ಗುಳಿಗೆಯ ಸಮಯ. ತೀವ್ರವಾದ ನೋವಿಗೆ ವೈದ್ಯರು ಕೊಡುವ ಮಾರ್ಫಿನ್ ಗುಳಿಗೆಯು, ಸಾಧಾರಣ ಬಗೆಯದಾದರೆ, ಸುಮಾರು ನಾಲ್ಕು ಗಂಟೆಗಳ ಕಾಲ ಕೆಲಸ ಮಾಡುತ್ತದೆ. ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಪರವಾನಗಿಗಳಿಗಾಗಿ ಅಲೆಯಬೇಕಾದ ಕಾಲವೊಂದಿತ್ತು. ೨೦೧೪ರಲ್ಲಿ ಮಾದಕದ್ರವ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಆ ತೊಡಕು ಸಡಿಲವಾಯಿತು. ನೋವು ಹಿಡಿತದಲ್ಲಿಲ್ಲದಿದ್ದರೆ ಮಾವಶಿಯೂ ಕೂಡಲಾರರು, ಗಂಡನೂ ಹೊರಡಲಾರನು. ಎರಡಕ್ಕೊಂದು ಗುಳಿಗೆ, ಆರಕ್ಕೊಂದು ಗುಳಿಗೆ. ನಡುವಿನ ಹೊತ್ತು ನನ್ನ ಮಿತ್ರರದು.

ಆದರೂ ಅವರು ಏಳಲಿಲ್ಲ. ಕೊನೆಗೆ ಪತ್ನಿಯೇ ಕಣ್ಣು ತೆರೆದು ಹೇಳಿದರು: “ಹೊತ್ತು ಹೊಂಟ್ರ ನಿಮ್ಮ ಸಣ್ಣ ಮಾರಿ ನೋಡಿ ನೋಡಿ ನನಗ ನನ್ನ ಜಡ್ಡು ನೆನಪಾಗತೈತ್ರಿ. ಒಂದಿಷ್ಟು ಹೊರಗ ಅಡ್ಡಾಡಿ ಬರ್ರಿ. ನನಗೂ ಸೂಟಿ ಕೊಡ್ರಿ.”

ಇದನ್ನು ಕೇಳಿ ನಾನು ಬೆರಗಾದೆ. ನೋಡಿಕೊಳ್ಳುವವನಿಗೆ ಬಿಡುವು ಬೇಕೆಂಬುದು ತಿಳಿದಿತ್ತು. ನೋಡಿಸಿಕೊಳ್ಳುವವಳಿಗೂ ಅದು ಬೇಕೆಂಬುದು ಹೊಳೆದಿರಲಿಲ್ಲ. ಗಂಡನ ಎದುರಿನಲ್ಲಿ ಆಕೆ ಅಳುವಂತಿರಲಿಲ್ಲ, ಏಕೆಂದರೆ ಆತನೂ ಅಳುವನು. ಮಾವಶಿಯ ಎದುರಿನಲ್ಲಿ ಅತ್ತರು. ಯಾವ ಸೀರೆ ಯಾರಿಗೆ ಕೊಡಬೇಕೆಂದು ಹೇಳಿದರು. ಓಣಿಯ ಸುದ್ದಿ ಕೇಳಿ ನಕ್ಕದ್ದೂ ಉಂಟಂತೆ.

ಮೊದಲ ಭಾನುವಾರ ನಾನು ಮಿತ್ರರನ್ನು ಖಾನಾಪುರದ ಬಸ್ಸು ಹತ್ತಿಸಿಕೊಂಡು ಹೊರಟೆ. ಅವರು ಹುಟ್ಟಿ ಬೆಳೆದ ಊರು ಅದು. ಬೆಳಗಾವಿಗೆ ೨೬ ಕಿಲೋಮೀಟರು. ಉದ್ಯಮಬಾಗ ದಾಟುವುದರೊಳಗೆ ಮೂರು ಸಲ ಫೋನು ಮಾಡಿದರು. ಪೀರನವಾಡಿಯಲ್ಲಿ ಇಳಿದೇಬಿಟ್ಟರು. ಆಟೋ ಹಿಡಿದು ಹಿಂದಿರುಗಿದೆವು. ಮನೆಗೆ ಬಂದಾಗ ಪತ್ನಿ ನಿದ್ರಿಸುತ್ತಿದ್ದರು. ಮಾವಶಿಯ ಮೊರದಲ್ಲಿ ಅಕ್ಕಿ ಇನ್ನೂ ಅರ್ಧ ಆಗಿರಲಿಲ್ಲ. ಎರಡನೆಯ ವಾರ ಊರು ಮುಟ್ಟಿದೆವು.

ಖಾನಾಪುರದಲ್ಲಿ ಮಲಪ್ರಭೆ ಇನ್ನೂ ಎಳೆಯ ಹೊಳೆ. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಇನ್ನೂ ಎಷ್ಟೋ ದೂರ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಬೇಕಾದ ಹೊಳೆ. ಅದರ ಘಾಟಿನ ಮೆಟ್ಟಿಲಿನ ಮೇಲೆ ಮಿತ್ರರ ಬಾಲ್ಯದ ಗೆಳೆಯರೊಬ್ಬರು ಕಾದು ಕುಳಿತಿದ್ದರು. ಊರು ಕುಂಬಾರಿಕೆಗೆ ಹೆಸರಾದದ್ದು. ಅವರ ಮನೆತನದ ಕಸುಬೂ ಅದೇ. ಅವರ ಹೆಂಡತಿ ಪಾರ್ಶ್ವವಾಯು ಹೊಡೆದು ಮೂರು ವರ್ಷಗಳಿಂದ ಹಾಸಿಗೆ ಹಿಡಿದವರು. ಆ ಹೊತ್ತು ಸೊಸೆ ಕಾವಲಿದ್ದಳು.

“ಬಾರಪಾ ಮಾಸ್ತರ, ಕೂಡು” ಎಂದರು ಅವರು. ಅಷ್ಟೇ. ನನ್ನಂತೆ “ಈಗ ಹ್ಯಾಂಗದಾರ?” ಎಂದು ಕೇಳಲಿಲ್ಲ.

ಇಬ್ಬರು ವಯಸ್ಸಾದ ಗಂಡಸರು ಹೊಳೆಯ ದಂಡೆಯಲ್ಲಿ ಕುಳಿತು ಏನು ಮಾತಾಡಿಯಾರು? ಮಳೆ, ಬೆಳೆ, ರಾಜಕಾರಣ ಎಂದು ನಾನು ಊಹಿಸಿದ್ದೆ. ಅವರು ಮಾತಾಡಿದ್ದು ಗಂಜಿಗೆ ಉಪ್ಪು ಎಷ್ಟು ಎಂಬುದನ್ನು. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು. ಒಬ್ಬನೇ ಇದ್ದಾಗ, ಹಾಸಿಗೆಗೆ ಅಡ್ಡಲಾಗಿ ಮಡಿಸಿ ಹಾಸಿದ ಚಾದರವನ್ನು ಹಿಡಿದು ಸೊಂಟ ಉಳುಕದಂತೆ ಎಳೆಯುವುದನ್ನು. ಗೆಳೆಯರು ತಮ್ಮ ಟವೆಲನ್ನೇ ಮೆಟ್ಟಿಲಿನ ಮೇಲೆ ಹಾಸಿ ತೋರಿಸಿದರು. ಬಳಿಕ ಬಹಳ ಹೊತ್ತು ಇಬ್ಬರೂ ಮಾತಿಲ್ಲದೆ ಕುಳಿತರು. ನನ್ನ ಮಿತ್ರರು ಮೆಟ್ಟಿಲಿಗೆ ಒರಗಿಕೊಂಡು, ಬಾಯಿ ತೆರೆದು, ನಲವತ್ತು ನಿಮಿಷ ನಿದ್ದೆ ಹೋದರು. ಐದರ ಬಸ್ಸಿಗೆ ಎಬ್ಬಿಸಿದೆ.

ಹನ್ನೊಂದು ಭಾನುವಾರ ಹೀಗೆ ನಡೆಯಿತು. ಎರಡು ಸಲ ನಾನು ಹೋಗಲಾಗಲಿಲ್ಲ. ಅವರು ಒಬ್ಬರೇ ಹೋಗಿಬಂದರು. ಸೇಬು ಕೊಳ್ಳುವುದನ್ನು ನಾನು ಬಿಟ್ಟೆ. ವಾರದಲ್ಲಿ ಒಂದು ಸಂಜೆ ಹೋಗಿ ಕಪ್ಪು ತೊಳೆಯುತ್ತಿದ್ದೆ. ಪ್ರಾಧ್ಯಾಪಕರ ಮನೆಯಲ್ಲಿ ಪ್ರಾಧ್ಯಾಪಕನು ಪಾತ್ರೆ ತೊಳೆಯುವುದನ್ನು ಕಂಡು ಬಂದವರು ಸಂಕೋಚಪಟ್ಟು ಚಹಾ ಬೇಡವೆನ್ನತೊಡಗಿದ್ದೊಂದು ಲಾಭ.

ಶ್ರಾವಣದಲ್ಲಿ ಆಕೆ ತೀರಿಕೊಂಡರು, ಒಂದು ಮಂಗಳವಾರ ಬೆಳಗಿನ ಜಾವ, ಗಂಡನ ಕೈಹಿಡಿದುಕೊಂಡೇ. ತಾನಿಲ್ಲದಾಗ ಏನಾದರೂ ಆದೀತೆಂಬ ಅವರ ಹೆದರಿಕೆ ನಿಜವಾಗಲಿಲ್ಲ. ನಿಜವಾಗಿದ್ದರೂ ಆ ಭಾನುವಾರಗಳಲ್ಲಿ ತಪ್ಪೇನಿತ್ತೆಂದು ನನಗೆ ತೋರದು.

ದಿನಕರ್ಮಗಳೆಲ್ಲ ಮುಗಿದ ಮೇಲಿನ ಮೊದಲ ಭಾನುವಾರ, ಎರಡು ಗಂಟೆಗೆ, ಮಾವಶಿ ಮೊರ ಹಿಡಿದು ಬಂದರು. ಮಂಚ ಖಾಲಿ. ಅವರು ಅದೇ ಕುರ್ಚಿಯಲ್ಲಿ ಕುಳಿತು, “ಹೋಗಿ ಬರ್ರಿ ಸರ, ಮನಿ ನಾ ನೋಡ್ಕೋತೇನಿ” ಎಂದರು. ಮಿತ್ರರು ಸ್ವಲ್ಪ ಹೊತ್ತು ನಿಂತಿದ್ದು, ಮಂಚದ ಮೇಲಿನ ಗಾಳಿಹಾಸಿಗೆಯ ಗಾಳಿ ಬಿಟ್ಟು ಸುರುಳಿ ಸುತ್ತಿದರು. ನಾನು ಅದರ ಪಂಪನ್ನು ಹಿಡಿದುಕೊಂಡೆ. ಗೋವಾವೇಸಿನಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಆ ಸುರುಳಿಯನ್ನು ಕಂಡು, “ಇದೇನ್ರಿ ಸರ, ಇಷ್ಟ ದೊಡ್ಡದು?” ಎಂದು ಕೇಳಿದನು.

“ಖಾನಾಪುರದಾಗ ನಮ್ಮ ದೋಸ್ತನ ಮನಿಗೆ” ಎಂದರು ಅವರು. ಕಂಡಕ್ಟರು ಅದಕ್ಕೂ ಒಂದು ಲಗೇಜು ಟಿಕೀಟು ಹರಿದುಕೊಟ್ಟನು.